ಇಕ್ಕಳದಲ್ಲಿ ಸಿಕ್ಕಿದ ಪಚ್ಚಿಲೆ

2025ರಲ್ಲಿ ನೈಋತ್ಯ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. ವಾಡಿಕೆಯ ದಿನ ಜೂನ್ 1. ಎಂಟು ದಿನ ಮೊದಲೇ ಬಂದ ಈ ಮಳೆ 2009ರ ಬಳಿಕ ಅತ್ಯಂತ ಬೇಗ ಬಂದುದೆಂದು ಹವಾಮಾನ ಇಲಾಖೆಯ ಲೆಕ್ಕ. ಮಳೆ ಬೇಗ ಹಿಡಿದರೆ ನಮ್ಮ ಅಡಿಕೆ ತೋಟದವರಿಗೆ ಮದ್ದು ಬಿಡುವ ಚಿಂತೆ. ಗದ್ದೆ ಉಳಿಸಿಕೊಂಡವರಿಗೆ ಬಿತ್ತನೆಯ ಚಿಂತೆ. ಇವೆರಡೂ ನಮ್ಮ ಪತ್ರಿಕೆಯಲ್ಲಿ ಆಗಾಗ ಚರ್ಚೆಯಾಗುವ ವಿಷಯಗಳೇ. ಆದರೆ ಇದೇ ಜಿಲ್ಲೆಯ ತೆಂಕು ತುದಿಯಲ್ಲಿ, ಪಡನ್ನ, ಚೆರುವತ್ತೂರು, ವಲಿಯಪರಂಬ, ತೃಕ್ಕರಿಪುರದ ಕಡೆಗಳಲ್ಲಿ, ಮೇ ತಿಂಗಳ ಮಳೆಯನ್ನು ಇನ್ನೊಂದೇ ಭಯದಿಂದ ನೋಡುವ ಕುಟುಂಬಗಳಿವೆ. ಅವರ ಬೆಳೆ ನೆಲದ ಮೇಲಿನದಲ್ಲ, ನೀರಿನಲ್ಲಿ ಹಗ್ಗಕ್ಕೆ ನೇತುಹಾಕಿದ ಪಚ್ಚಿಲೆ. ಮಲಯಾಳದಲ್ಲಿ ಕಲ್ಲುಮ್ಮಕಾಯಿ ಎನ್ನುವುದು ಇದನ್ನೇ. ಕಲ್ಲಿನ ಮೇಲೆ ಬಿಡುವ ಕಾಯಿ ಎಂದು ಅದರ ಅರ್ಥವನ್ನು ಹೇಳುವುದುಂಟು. ಕಲ್ಲಿಗೆ ಅಂಟಿ ಕೂತ ಗೊಂಚಲನ್ನು ಕಂಡವರು ಈ ಹೆಸರನ್ನು ಮೆಚ್ಚದೆ ಇರಲಾರರು.

ಈ ವಿಷಯವನ್ನು ಇಂದು ನಾವು ಎತ್ತಿಕೊಂಡುದಕ್ಕೆ ಕೆಲವು ಓದುಗರು ಹುಬ್ಬೇರಿಸಬಹುದು. ನಮ್ಮ ಓದುಗರ ಮನೆಗಳಲ್ಲಿ ಅರ್ಧಕ್ಕರ್ಧ ಇದನ್ನು ತಿನ್ನುವವರಲ್ಲ; ತೋಟ, ಶಾಲೆ, ಸಹಕಾರಿ ಸಂಘ ಇವುಗಳ ಸುತ್ತಲೇ ನಮ್ಮ ಬದುಕು. ಹಾಗೆಂದು ಕಡಲ ಚಿಪ್ಪಿಗೂ ನಮಗೂ ಸಂಬಂಧವಿಲ್ಲವೆನ್ನಲಾಗದು. ಎಲೆ ಅಡಿಕೆಯ ತಟ್ಟೆಯಲ್ಲಿರುವ ಸುಣ್ಣ, ನಮ್ಮ ಅಜ್ಜಂದಿರ ಮನೆ ಗೋಡೆಯ ಸುಣ್ಣ, ಮೈಲುತುತ್ತಿಗೆ ಬೆರೆಸಿ ಅಡಿಕೆಗೊನೆಗೆ ಬಿಡುವ ಸುಣ್ಣ ಎಷ್ಟೋ ಕಾಲ ಚಿಪ್ಪು ಸುಟ್ಟು ಮಾಡಿದುದೇ ಆಗಿತ್ತು. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಕಡಲು ಸೇರುವಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು ನಮ್ಮ ನೆರೆಯವರೇ. ಅವರ ಮಕ್ಕಳು ನಮ್ಮ ಶಾಲೆಗಳ ಬೆಂಚುಗಳಲ್ಲೇ ಕೂತು ಓದುತ್ತಾರೆ. ಭಾಷೆ ಬೇರೆಯಾದುದರಿಂದ ಹೊಳೆ ಬೇರೆಯಾಗುವುದಿಲ್ಲ.

ಮೊದಲು ಪಡನ್ನದ ಕೃಷಿಯ ಕ್ರಮವನ್ನು ತಿಳಿಯೋಣ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಧಾನವನ್ನು ಅನುಸರಿಸಿ 1990ರ ದಶಕದ ನಡುವಿನಲ್ಲಿ ಇದು ಇಲ್ಲಿ ಬೇರೂರಿತು. ಮಳೆಗಾಲ ಮುಗಿದ ಮೇಲೆ ಕಡಲ ಬಂಡೆಗಳಿಂದ ಬೆರಳ ತುದಿಯಷ್ಟರ ಮರಿಗಳನ್ನು ಬಿಡಿಸಿ ತರುತ್ತಾರೆ. ಅವನ್ನು ಹಗ್ಗದ ಸುತ್ತ ಹರಡಿ, ಹತ್ತಿಯ ತೆಳು ಬಲೆಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಹಿನ್ನೀರಿನಲ್ಲಿ ಊರಿದ ಬಿದಿರು ಅಥವಾ ಗಾಳಿಮರದ ಚಪ್ಪರದಿಂದ ಈ ಹಗ್ಗಗಳನ್ನು ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತುಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮದೇ ನಾರುಗಳನ್ನು ಸುರಿಸಿ ಹಗ್ಗವನ್ನು ಹಿಡಿದುಕೊಂಡಿರುತ್ತವೆ. ಮುಂದೆ ಯಾರೂ ಅದಕ್ಕೆ ಗೊಬ್ಬರ ಹಾಕಬೇಕಿಲ್ಲ, ಹಿಂಡಿ ಹಾಕಬೇಕಿಲ್ಲ. ಉಬ್ಬರದ ನೀರು ತಂದ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದು ಐದಾರು ತಿಂಗಳಲ್ಲಿ ಮೂರಂಗುಲದಷ್ಟು ಬೆಳೆಯುತ್ತದೆ. ನವೆಂಬರ್-ಡಿಸೆಂಬರದಲ್ಲಿ ಕಟ್ಟಿದ ಹಗ್ಗವನ್ನು ಏಪ್ರಿಲ್-ಮೇ ತಿಂಗಳಲ್ಲಿ ಎಳೆದು ಮಾರುತ್ತಾರೆ. ಈ ಕೆಲಸದಲ್ಲಿ ಬಹುಪಾಲು ಹೆಂಗಸರು. ಸ್ವಸಹಾಯ ಸಂಘ ಕಟ್ಟಿಕೊಂಡು, ಸಾಲ ತೆಗೆದು, ಬೆಳೆ ಬಂದ ಮೇಲೆ ಸಾಲ ತೀರಿಸುವವರು. ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹುರಿದ ಅರಿಕ್ಕಡುಕ್ಕ ತಲಶ್ಶೇರಿ ಕಣ್ಣೂರು ಕಡೆಯ ಚಹಾ ಅಂಗಡಿಗಳಲ್ಲಿ ಎಷ್ಟು ಪ್ರಸಿದ್ಧವೆಂಬುದನ್ನು ಅತ್ತ ಹೋಗಿಬಂದವರು ಬಲ್ಲರು.

ಈ ಕೃಷಿಗೆ ಒಂದು ಗಡುವು ಇದೆ. ಮಳೆ ಬಿದ್ದು ಹೊಳೆಗಳು ತುಂಬಿದ ಕೂಡಲೇ ಹಿನ್ನೀರಿನ ಉಪ್ಪು ಇಳಿಯುತ್ತದೆ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. ಸ್ವಲ್ಪ ಕಡಿಮೆಯಾದರೆ ಪಚ್ಚಿಲೆ ತಡೆದುಕೊಳ್ಳುತ್ತದೆ. ಬಹಳ ಕಡಿಮೆಯಾದರೆ ಬಾಯಿ ಮುಚ್ಚಿ ಕೂರುತ್ತದೆ. ಮುಚ್ಚಿದ ಬಾಯಿ ತಿನ್ನುವುದಿಲ್ಲ, ಉಸಿರನ್ನೂ ಸರಿಯಾಗಿ ಆಡುವುದಿಲ್ಲ. ಕೆಲವು ದಿನ ಹೀಗೆ ನಡೆಯಬಹುದು, ಆಮೇಲೆ ಸತ್ತುಹೋಗುತ್ತದೆ. ಮೇ ಕೊನೆಯ ವಾರದ ತನಕ ಹಗ್ಗವನ್ನು ನೀರಿನಲ್ಲೇ ಬಿಟ್ಟು, ಇನ್ನೂ ನಾಲ್ಕು ದಿನ ಬೆಳೆಯಲಿ, ದರ ಏರಲಿ ಎಂದು ಕಾದವರಿಗೆ ಮೇ 24ರ ಮುಂಗಾರು ಎಂದರೆ ಏನೆಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯದು ಒಂದು ಕಡೆ. ಇನ್ನೊಂದು ಕಡೆ ಚಿಪ್ಪಿನ ಜೀವಿಯನ್ನು ತಿನ್ನುವವರ ಸಾಲೇ ಇದೆ: ಏಡಿ, ದವಡೆಯಲ್ಲಿ ಅರೆಯುವ ಹಲ್ಲುಳ್ಳ ಬ್ರೀಮ್ ಜಾತಿಯ ಮೀನು, ಚಿಪ್ಪಿಗೆ ತೂತು ಕೊರೆಯುವ ಶಂಖದ ಹುಳು, ನಕ್ಷತ್ರಮೀನು. ಕಡಲ ಕರೆಯಲ್ಲಿ ಮಕ್ಕಳು ಹೆಕ್ಕುವ ಚಿಪ್ಪುಗಳಲ್ಲಿ ಕೆಲವಕ್ಕೆ ದಾರ ಪೋಣಿಸಲೆಂದೇ ಮಾಡಿದಂತೆ ದುಂಡನೆಯ ಒಂದು ತೂತು ಇರುವುದನ್ನು ನೋಡಿರಬಹುದು. ಅದು ಅಂಥ ಹುಳುವೊಂದು ಒಳಗಿನ ಜೀವಿಯನ್ನು ಕೊಂದು ತಿಂದ ಗುರುತು. ಒರಟು ನಾಲಗೆಯಿಂದ ಉಜ್ಜುತ್ತ, ಆಮ್ಲವನ್ನು ಸುರಿಸಿ ಸುಣ್ಣವನ್ನು ಕರಗಿಸುತ್ತ, ಗಂಟೆಗಟ್ಟಲೆ ಕೂತು ಅದು ಕೊರೆಯುತ್ತದೆ. ಆ ಸಹನೆಯನ್ನು ಕಂಡರೆ ನಮ್ಮ ಕೆಲವು ಕಛೇರಿಗಳ ಕಡತಗಳಿಗೂ ನಾಚಿಕೆಯಾದೀತು.

ಹವೆಯ ಬದಲಾವಣೆ ಒಂದು ಕಷ್ಟ, ತಿನ್ನುವ ಪ್ರಾಣಿಗಳು ಇನ್ನೊಂದು ಕಷ್ಟ ಎಂದು ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದಿಡುವುದು ನಮ್ಮೆಲ್ಲರ ಅಭ್ಯಾಸ. ಹವೆಯ ವಿಚಾರ ಬಂದರೆ ಹವಾಮಾನ ಇಲಾಖೆ, ಏಡಿಯ ವಿಚಾರ ಬಂದರೆ ಮೀನುಗಾರಿಕಾ ಇಲಾಖೆ. ಆದರೆ ಕಡಲಿನಲ್ಲಿ ಇವೆರಡೂ ಕೂಡಿಕೊಂಡು ಕೆಲಸ ಮಾಡುತ್ತವೆ. ಕೂಡಿದಾಗ ಆಗುವ ಹಾನಿ ಎರಡರ ಮೊತ್ತಕ್ಕಿಂತ ಹೆಚ್ಚಾಗಬಹುದು. ಇದನ್ನು ಅತಿ ಸ್ಪಷ್ಟವಾಗಿ ಅಳೆದು ತೋರಿಸಿದುದು ನಮ್ಮ ಕರಾವಳಿಯಲ್ಲಿ ಅಲ್ಲ, ಶಾಂತಸಾಗರದ ಆಚೆ ದಡದಲ್ಲಿ, ಅಮೆರಿಕ ಮತ್ತು ಕೆನಡಾ ಗಡಿಯ ಬಂಡೆಗಳ ಮೇಲೆ. ಅಲ್ಲಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬಂಡೆಯ ಕರಾವಳಿಯಲ್ಲಿ ಯಾವ ಜೀವಿ ಎಲ್ಲಿ ಕೂರಬೇಕೆಂಬುದಕ್ಕೆ ಕಟ್ಟುನಿಟ್ಟಾದ ಮಟ್ಟಗಳಿವೆ. ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲ್ಭಾಗ ಬಿಸಿಲಿಗೆ ಕಾದು ಒಣಗುತ್ತದೆ. ಕೆಳಭಾಗ ಹೆಚ್ಚು ಹೊತ್ತು ನೀರಿನಲ್ಲೇ ಇರುತ್ತದೆ. ಪಚ್ಚಿಲೆಯ ಜಾತಿಯ ಜೀವಿ ಎಷ್ಟು ಮೇಲೆ ಬದುಕಬಲ್ಲದೆಂಬುದನ್ನು ತೀರ್ಮಾನಿಸುವುದು ಬಿಸಿಲು. ಎಷ್ಟು ಕೆಳಗೆ ಬದುಕಬಲ್ಲದೆಂಬುದನ್ನು ತೀರ್ಮಾನಿಸುವುದು ಕೆಳಗಿನಿಂದ ಹತ್ತಿಬರುವ ನಕ್ಷತ್ರಮೀನು. ಅದು ತನ್ನ ಐದು ತೋಳುಗಳಿಂದ ಚಿಪ್ಪನ್ನು ತಬ್ಬಿ ಎಳೆದು, ಕೂದಲೆಳೆಯಷ್ಟು ಸಂದು ಸಿಕ್ಕಿದರೆ ಸಾಕು, ತನ್ನ ಜಠರವನ್ನೇ ಹೊರಚಾಚಿ ಒಳನುಗ್ಗಿಸಿ ಅಲ್ಲೇ ಜೀರ್ಣಿಸಿಕೊಳ್ಳುತ್ತದೆ. ಹೀಗೆ ಮೇಲೆ ಬಿಸಿಲು, ಕೆಳಗೆ ನಕ್ಷತ್ರಮೀನು, ಇವೆರಡರ ನಡುವೆ ಉಳಿದ ಪಟ್ಟಿಯೇ ಪಚ್ಚಿಲೆಯ ಮನೆ.

1963ರಲ್ಲಿ ವಾಷಿಂಗ್ಟನ್ ರಾಜ್ಯದ ಮಕ್ಕಾ ಕೊಲ್ಲಿಯಲ್ಲಿ ರಾಬರ್ಟ್ ಪೇನ್ ಎಂಬ ಪ್ರಾಧ್ಯಾಪಕರು ಒಂದು ಬಂಡೆಯ ಮೇಲಿನ ನಕ್ಷತ್ರಮೀನುಗಳನ್ನೆಲ್ಲ ಕಿತ್ತು ಕಡಲಿಗೆಸೆಯತೊಡಗಿದರು. ಮತ್ತೆ ಬಂದರೆ ಮತ್ತೆ ಎಸೆದರು. ಫಲವಾಗಿ ಪಚ್ಚಿಲೆ ಹರಡಿ ಹರಡಿ ಇತರರಿಗೆ ಜಾಗವಿಲ್ಲದಂತೆ ಮಾಡಿತು. ಮೊದಲು ಹದಿನೈದು ಜಾತಿಗಳಿದ್ದಲ್ಲಿ ಎಂಟು ಉಳಿದುವು. ಕಮಾನಿನ ನೆತ್ತಿಯ ಕಲ್ಲನ್ನು ತೆಗೆದರೆ ಕಮಾನೇ ಕುಸಿಯುವಂತೆ ಒಂದು ಜೀವಿಯನ್ನು ತೆಗೆದರೆ ಇಡೀ ಸಮುದಾಯ ಬದಲಾಗುತ್ತದೆಂದು ಅವರು ಮುಂದೆ ಬರೆದರು. ಹಾಗಾಗಿ ತಿನ್ನುವ ಪ್ರಾಣಿಯೇ ಖಳ ಎಂದು ನಾವು ಹೇಳುತ್ತಿಲ್ಲ. ಹವೆ ತನ್ನ ಮಿತಿಯಲ್ಲಿದ್ದ ಕಾಲದಲ್ಲಿ ಆ ಬಂಡೆಯ ಸಮತೋಲವನ್ನು ಕಾಪಾಡಿದುದೇ ನಕ್ಷತ್ರಮೀನು.

ಈಗ ಹವೆ ಮಿತಿಯಲ್ಲಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ಹಾರ್ಲಿ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಆ ಕರಾವಳಿಯ ಪಚ್ಚಿಲೆಯ ಪಟ್ಟಿ ಹಿಂದೆ ಎಷ್ಟು ಅಗಲವಿತ್ತೆಂಬ ಹಳೆಯ ಅಳತೆಗಳನ್ನು ತಮ್ಮ ಅಳತೆಗಳೊಂದಿಗೆ ಅವರು ಹೋಲಿಸಿದರು. 52 ವರ್ಷಗಳಲ್ಲಿ ಪಟ್ಟಿಯ ಎತ್ತರ ನೂರಕ್ಕೆ 51ರಷ್ಟು ಕಡಿಮೆಯಾಗಿತ್ತು. ಬಿಸಿಲೇರಿ ಮೇಲಿನ ಗಡಿ ಕೆಳಗಿಳಿದಿದೆ. ಕೆಳಗಿನ ಗಡಿ ಮಾತ್ರ ಇದ್ದಲ್ಲೇ ಇದೆ. ಏಕೆಂದರೆ ನಕ್ಷತ್ರಮೀನಿಗೆ ಕಾಲಿದೆ, ಬಿಸಿಲಾದರೆ ನೀರಿಗಿಳಿದು ಉಬ್ಬರವಾದಾಗ ಮತ್ತೆ ಹತ್ತಿಬರುತ್ತದೆ. ಪಚ್ಚಿಲೆ ಕೂತಲ್ಲಿ ಕೂತದ್ದೇ. ಕೆಲವು ಬಿಸಿ ಜಾಗಗಳಲ್ಲಿ ಎರಡು ಗಡಿಗಳೂ ಒಂದಾಗಿ ಪಚ್ಚಿಲೆಯ ಸಂತತಿಯೇ ಇಲ್ಲವಾಗಿತ್ತು. ಅಂಥ ಒಂದು ಜಾಗದಲ್ಲಿ ತಿನ್ನುವ ಪ್ರಾಣಿಗಳು ಬಾರದಂತೆ ತಡೆದು ನೋಡಿದಾಗ, ಅದೇ ಬಿಸಿಲಿನಲ್ಲಿ, ಅದೇ ಬಂಡೆಯಲ್ಲಿ ಇಲ್ಲವಾಗಿದ್ದ ಜೀವಿಗಳು ಬದುಕಿಕೊಂಡುವು. ಒಟ್ಟು ಜಾತಿಗಳ ಸಂಖ್ಯೆಯೂ ಎರಡು ಪಟ್ಟಿಗಿಂತ ಹೆಚ್ಚಾಯಿತು. ಅಂದರೆ ಬಿಸಿಲೊಂದೇ ಅವುಗಳನ್ನು ಅಳಿಸಿರಲಿಲ್ಲ, ನಕ್ಷತ್ರಮೀನೊಂದೇ ಅಳಿಸಿರಲಿಲ್ಲ. ಬಿಸಿಲು ಮೇಲಿನಿಂದ ದೂಡಿತು, ಕೆಳಗೆ ಕಾದಿದ್ದವನು ತಿಂದ. ಪೇನ್ ಅವರ ಬಂಡೆಯಲ್ಲಿ ತಿನ್ನುವವನನ್ನು ತೆಗೆದಾಗ ಜಾತಿಗಳು ಕಡಿಮೆಯಾದುವು, ಇಲ್ಲಿ ಹೆಚ್ಚಾದುವು ಎಂಬ ವೈಚಿತ್ರ್ಯವನ್ನು ಓದುಗರು ಗಮನಿಸಬೇಕು. ಪ್ರಾಣಿಗಳು ಅವೇ. ಬದಲಾದುದು ಅವುಗಳಿಗೆ ಉಳಿದಿರುವ ಜಾಗ.

ಬಿಸಿಲೊಂದೇ ಕೊಲ್ಲುವಷ್ಟು ಏರಿದ ದಿನಗಳೂ ಆ ಕರಾವಳಿಗೆ ಬಂದುವು. 2021ರ ಜೂನ್ ಕೊನೆಯಲ್ಲಿ ಅಲ್ಲಿ ಎದ್ದ ಸೆಕೆಯ ಅಲೆಯಲ್ಲಿ ಕೆನಡಾದ ಲಿಟನ್ ಎಂಬ ಊರಿನಲ್ಲಿ 49.6 ಡಿಗ್ರಿ ಸೆಂಟಿಗ್ರೇಡ್ ದಾಖಲಾಯಿತು. ಸೆಕೆ ಹೆಚ್ಚಾದ ದಿನಗಳೂ ನಡುಹಗಲ ಇಳಿತವೂ ಕೂಡಿಬಂದುದರಿಂದ ಕಡಲ ಬಂಡೆಗಳ ಮೈ 50 ಡಿಗ್ರಿಯನ್ನು ಮೀರಿ ಕಾದು, ಪಚ್ಚಿಲೆಗಳು ಚಿಪ್ಪಿನೊಳಗೇ ಬೆಂದುಹೋದುವು. ನೂರು ಕೋಟಿಗಿಂತ ಹೆಚ್ಚು ಕಡಲ ಜೀವಿಗಳು ಸತ್ತಿರಬಹುದೆಂದು ಇದೇ ಹಾರ್ಲಿಯವರು ಅಂದಾಜು ಮಾಡಿದರು.

ನೀರಿನ ಬಿಸಿಯದು ಬೇರೆಯೇ ಕೆಲಸ. ಅದೇ ನಕ್ಷತ್ರಮೀನಿನ ಹಸಿವು ನೀರಿನ ಬಿಸಿಯನ್ನು ಅವಲಂಬಿಸಿದೆಯೆಂದು ಎರಿಕ್ ಸ್ಯಾನ್‌ಫರ್ಡ್ ಎಂಬವರು ಒರೆಗಾನ್ ಕರಾವಳಿಯಲ್ಲಿ ಪ್ರಯೋಗ ಮಾಡಿ 1999ರಲ್ಲಿ ಬರೆದರು. ಆಳದ ತಣ್ಣೀರು ಮೇಲೆದ್ದು ನೀರು ಮೂರ್ನಾಲ್ಕು ಡಿಗ್ರಿ ತಣಿದ ದಿನಗಳಲ್ಲಿ ನಕ್ಷತ್ರಮೀನು ಪಚ್ಚಿಲೆಯ ತಂಟೆಗೇ ಹೋಗದೆ ಬಹುಮಟ್ಟಿಗೆ ಸುಮ್ಮನಿರುತ್ತದೆ. ನೀರು ಬೆಚ್ಚಗಾದರೆ ಹಸಿವು ಏರುತ್ತದೆ. ಹಾಗಾದರೆ ಬಿಸಿ ಏರಿದಂತೆ ಪಚ್ಚಿಲೆಗೆ ಅಪಾಯ ಏರುತ್ತಲೇ ಹೋಗುತ್ತದೆಯೇ ಎಂದರೆ ಅಷ್ಟು ಸರಳವೂ ಅಲ್ಲ. 2013ರಿಂದ ಮೆಕ್ಸಿಕೋದಿಂದ ಅಲಾಸ್ಕದ ತನಕ ನಕ್ಷತ್ರಮೀನುಗಳಿಗೇ ಮೈ ಕರಗುವ ರೋಗ ಬಡಿದು ಇಪ್ಪತ್ತಕ್ಕೂ ಹೆಚ್ಚು ಜಾತಿಗಳಲ್ಲಿ ಕೋಟಿಗಟ್ಟಲೆ ಸತ್ತುವು. ಅವುಗಳಲ್ಲಿ ಸೂರ್ಯಕಾಂತಿ ನಕ್ಷತ್ರಮೀನಿಗೆ ಬಡಿದ ರೋಗಕ್ಕೆ ಒಂದು ಬಗೆಯ ವಿಬ್ರಿಯೋ ಬ್ಯಾಕ್ಟೀರಿಯ ಕಾರಣವೆಂದು ಗೊತ್ತಾದುದು 2025ರಲ್ಲಿ. ಪ್ರಕೃತಿಯ ಲೆಕ್ಕದಲ್ಲಿ ಯಾರಿಗೆ ಯಾವಾಗ ಕಷ್ಟವೆಂದು ಮೊದಲೇ ಹೇಳಿಬಿಡುವ ಪಂಡಿತರನ್ನು ನಾವು ನಂಬುವುದಿಲ್ಲ. ಆದರೆ ಕಾಲಿಲ್ಲದೆ ಕೂತವನಿಗೆ ಕಾಲಿದ್ದವನಿಗಿಂತ ದಾರಿಗಳು ಕಡಿಮೆ ಎಂಬುದರಲ್ಲಿ ಸಂಶಯವಿಲ್ಲ.

ಮೂರನೆಯದೊಂದು ಉಂಟು, ಅದು ಸುಣ್ಣದ ವಿಚಾರ. ಒಂದು ಚಿಪ್ಪಿನ ಮೇಲೆ ನಿಂಬೆಹುಳಿ ಹಿಂಡಿದರೆ ನೊರೆ ಏಳುವುದನ್ನು ಶಾಲೆಯ ಮಕ್ಕಳಿಗೆ ತೋರಿಸುವುದುಂಟು. ಚಿಪ್ಪು ಸುಣ್ಣದ ಕಾರ್ಬೊನೇಟು. ಹುಳಿ ಅದನ್ನು ಕರಗಿಸುತ್ತದೆ. ನಾವು ಉರಿಸಿದ ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಲ್ಲಿರುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ನುಂಗುತ್ತದೆ. ನೀರಿನಲ್ಲಿ ಅದು ದುರ್ಬಲ ಆಮ್ಲವಾಗುತ್ತದೆ. ಕಾರ್ಖಾನೆಗಳ ಯುಗ ಆರಂಭವಾದಂದಿನಿಂದ ಕಡಲ ಮೇಲ್ಪದರದ ಪಿ.ಎಚ್. 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ನೋಡಿದರೆ ಏನೂ ಅಲ್ಲ. ಆದರೆ ಆ ಮಾಪನದ ಲೆಕ್ಕ ಹತ್ತರ ಗುಣಕದಲ್ಲಿ ನಡೆಯುವುದರಿಂದ ಆಮ್ಲತೆ ಸುಮಾರು ನೂರಕ್ಕೆ 30ರಷ್ಟು ಹೆಚ್ಚಿದಂತಾಯಿತು. ದೊಡ್ಡ ಚಿಪ್ಪು ಇದರಿಂದ ನಿಂಬೆಹುಳಿ ಬಿದ್ದಂತೆ ಕರಗಿಹೋಗುವುದಿಲ್ಲ. ಕಷ್ಟವಾಗುವುದು ಮೊಟ್ಟೆಯೊಡೆದು ಎರಡು ದಿನದೊಳಗೆ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕಾದ, ಕಣ್ಣಿಗೆ ಕಾಣದ ಮರಿಗೆ. 2007ರಲ್ಲಿ ಒರೆಗಾನಿನ ನೆಟಾರ್ಟ್ಸ್ ಕೊಲ್ಲಿಯ ಒಂದು ಸಿಂಪಿ ಮರಿಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತಾಗ ಮೊದಲು ರೋಗವೆಂದೇ ಭಾವಿಸಿದರು. ಕೊನೆಗೆ ನೀರಿನ ಆಮ್ಲತೆಯೇ ಕಾರಣವೆಂದು ಕಂಡುಕೊಂಡು, ಒಳಬರುವ ನೀರನ್ನು ಅಳೆದು ಸರಿಪಡಿಸತೊಡಗಿದ ಮೇಲೆ ಕೇಂದ್ರ ಉಸಿರಾಡಿತು.

ಆಮ್ಲವೂ ತಿನ್ನುವವರೊಂದಿಗೆ ಕೈ ಜೋಡಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಲಿಂಪಿಯಾ ಎಂಬ ನಾಡ ಸಿಂಪಿ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ವ ಕರಾವಳಿಯ ಸಿಂಪಿಗಳನ್ನು ರೈಲಿನಲ್ಲಿ ತಂದು ಅಲ್ಲಿ ಹಾಕಿದಾಗ ಅವುಗಳ ಜೊತೆ ಚಿಪ್ಪು ಕೊರೆಯುವ ಹುಳುವೂ ಬಂದು ನೆಲೆಸಿತು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮುಂದಿನ ದಶಕಗಳಲ್ಲಿ ಬರಬಹುದಾದ ಆಮ್ಲತೆಯ ನೀರಿನಲ್ಲಿ ಬೆಳೆಸಿದ ಸಿಂಪಿ ಮರಿಗಳು ಸಾಧಾರಣ ನೀರಿನ ಮರಿಗಳಿಗಿಂತ ಚಿಕ್ಕವಾಗಿದ್ದುವು; ಆ ಹುಳುಗಳು ಅವನ್ನು ನೂರಕ್ಕೆ 20ರಷ್ಟು ಹೆಚ್ಚು ತಿಂದುವು. ತುತ್ತು ಚಿಕ್ಕದಾದರೆ ಹೊಟ್ಟೆ ತುಂಬಲು ತುತ್ತುಗಳ ಸಂಖ್ಯೆ ಹೆಚ್ಚು ಬೇಕು. ಸಿಂಪಿಯನ್ನು ಕುಗ್ಗಿಸಿದುದು ಆಮ್ಲ, ಅದರ ಲಾಭ ಹೋದುದು ಹೊರಗಿನಿಂದ ಬಂದವನಿಗೆ.

ಅಟ್ಲಾಂಟಿಕ್ ಬದಿಯ ಮೇಯ್ನ್ ರಾಜ್ಯದಲ್ಲಿ ಈ ಪಾತ್ರ ಹಸಿರು ಏಡಿಯದು. ಯುರೋಪಿನ ಈ ಏಡಿ ಅಮೆರಿಕದಲ್ಲಿ ಮೊದಲು ಕಂಡುದು 1817ರಲ್ಲಿ. ಕಡುಚಳಿಯ ವರ್ಷಗಳಲ್ಲಿ ಅದರ ಸಂಖ್ಯೆ ಇಳಿಯುತ್ತಿತ್ತು. ಚಳಿ ಮೆತ್ತಗಾದ ವರ್ಷಗಳಲ್ಲಿ ಏರಿತು. ಅಲ್ಲಿನ ಕೆಸರುಬಯಲುಗಳ ಮರುವಾಯಿ ಜಾತಿಯ ಚಿಪ್ಪುಗಳನ್ನು ಅದು ಮುಕ್ಕಿ ಹಾಕಿದ ಬಳಿಕ, ಬಲೆ ಹೊದಿಸಿ ಮರಿಗಳನ್ನು ಕಾಪಾಡುವ ಪದ್ಧತಿ ಅಲ್ಲಿ ಬಂತು. ನಾವು ತರಕಾರಿ ಮಡಿಗೆ ಬೇಲಿ ಕಟ್ಟುವಂತೆ.

ಇಷ್ಟನ್ನೆಲ್ಲ ಓದಿದ ಮೇಲೆ ನಮ್ಮ ಹಿನ್ನೀರಿಗೆ ಮರಳೋಣ. ಅಲ್ಲಿನ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತಂದು ಅಂಟಿಸುವುದು ತಪ್ಪಾಗುತ್ತದೆ. ನಮ್ಮಲ್ಲಿ ಆ ನಕ್ಷತ್ರಮೀನಿಲ್ಲ, ಆ ತಣ್ಣೀರಿಲ್ಲ, ಅಷ್ಟು ದೊಡ್ಡ ಉಬ್ಬರವೂ ಇಲ್ಲ. ನಮ್ಮಲ್ಲಿ ಕೊಲ್ಲುವುದು ಬಿಸಿಲಿಗಿಂತ ಹೆಚ್ಚಾಗಿ ಸಿಹಿನೀರು. ಇದಕ್ಕೂ ಅಲ್ಲಿ ಒಂದು ನಿದರ್ಶನ ಉಂಟು: 2011ರ ಮಾರ್ಚ್ ತಿಂಗಳಲ್ಲಿ ಭಾರೀ ಮಳೆ ಸುರಿದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರ ಭಾಗದ ನೀರು ಸಪ್ಪೆಯಾದಾಗ ಚೈನಾ ಕ್ಯಾಂಪ್ ಎಂಬಲ್ಲಿ ಒಲಿಂಪಿಯಾ ಸಿಂಪಿಗಳು ಹೆಚ್ಚುಕಡಿಮೆ ಎಲ್ಲವೂ ಸತ್ತುವು. ಮಾರ್ಚಿನ ಆ ಕೊಲ್ಲಿಯಲ್ಲಿ ಆದುದು ಮೇ ತಿಂಗಳ ಕವ್ವಾಯಿ ಹಿನ್ನೀರಿನಲ್ಲಿ ಆಗುವುದಕ್ಕಿಂತ ಬೇರೆಯೇನಲ್ಲ. ವಿಚಿತ್ರವೆಂದರೆ, ಉಪ್ಪು ಸ್ವಲ್ಪ ಕಡಿಮೆಯಿರುವ ನೀರು ಕೆಲವೊಮ್ಮೆ ಚಿಪ್ಪಿನ ಜೀವಿಗೆ ಆಶ್ರಯವೂ ಆಗುತ್ತದೆ, ಏಕೆಂದರೆ ನಕ್ಷತ್ರಮೀನು ಮತ್ತು ಕೊರೆಯುವ ಹುಳುಗಳಿಗೆ ಸಪ್ಪೆನೀರು ಇನ್ನೂ ಕಷ್ಟ. ಹೊಳೆಯ ಕಡೆಗೆ ಸರಿದರೆ ಮಳೆ ಕೊಲ್ಲುತ್ತದೆ, ಅಳಿವೆಯ ಕಡೆಗೆ ಸರಿದರೆ ಶತ್ರುಗಳು ತಿನ್ನುತ್ತವೆ. ಮಳೆ ಎಷ್ಟು ಅನಿಶ್ಚಿತವಾಗುತ್ತದೋ ಈ ನಡುವಿನ ಜಾಗ ಅಷ್ಟು ಕಿರಿದಾಗುತ್ತದೆ.

ಜೊತೆಗೆ ನಮ್ಮಲ್ಲಿ ಕಿರಿದಾಗುತ್ತಿರುವುದು ಕಾಲವೂ ಹೌದೆಂದು ನಮ್ಮ ಅಭಿಪ್ರಾಯ. ಪಚ್ಚಿಲೆಗೆ ಬೇಕಾದುದು ಉಪ್ಪುನೀರಿನ ಐದಾರು ತಿಂಗಳು. ತುಲಾಮಾಸದ ಮಳೆ ಡಿಸೆಂಬರಕ್ಕೆ ಜಾರಿದರೆ ಹಗ್ಗ ಕಟ್ಟುವುದು ತಡವಾಗುತ್ತದೆ. ಮುಂಗಾರು ಮೇ ತಿಂಗಳಿಗೆ ಹಾರಿದರೆ ಎಳೆಯುವುದು ಬೇಗವಾಗಬೇಕಾಗುತ್ತದೆ. ಅರಬ್ಬೀ ಸಮುದ್ರದಲ್ಲಿ 1982ರಿಂದ 2000ದ ತನಕದ ಅವಧಿಗೆ ಹೋಲಿಸಿದರೆ 2001ರಿಂದ 2019ರ ತನಕ ಚಂಡಮಾರುತಗಳು ನೂರಕ್ಕೆ 52ರಷ್ಟು ಹೆಚ್ಚಿವೆಯೆಂದು ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಬಂದು ನಮ್ಮ ಕರಾವಳಿಯ ಮನೆಗಳನ್ನು ಕೆಡವಿದುದನ್ನು ಉಪ್ಪಳ, ಮುಸೋಡಿಯವರು ಮರೆತಿರಲಾರರು. ಅದೂ ಪಚ್ಚಿಲೆ ಎಳೆಯುವ ತಿಂಗಳೇ. ಐದು ತಿಂಗಳ ಬೆಳೆ ನಾಲ್ಕು ತಿಂಗಳಿಗೆ ಇಳಿದರೆ ಚಿಪ್ಪು ಚಿಕ್ಕದು, ತೊಗಟೆ ತೆಳು, ಮಾಂಸ ಕಡಿಮೆ. ಅಂಥದನ್ನು ಒಡೆಯಲು ಏಡಿಗೂ ಮೀನಿಗೂ ಸುಲಭ. ಎಳೆಯ ಮರಿಯಾಗಿ ಹಗ್ಗದ ಮೇಲಿರುವ ಮೊದಲ ವಾರಗಳೇ ಅತಿ ಅಪಾಯದವು. ಒಂದು ಗೊಂಚಲನ್ನು ಮೀನುಗಳ ಹಿಂಡು ಹೊಕ್ಕರೆ ಬೆಳಗಾಗುವಾಗ ಹಗ್ಗ ಬೋಳು. ಆಗ ಮತ್ತೆ ಮರಿ ತಂದು ಕಟ್ಟಲು ಕಾಲವೂ ಇಲ್ಲ, ಸಾಲ ಕೊಡುವವರೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಕಡಲನ್ನು ತಣಿಸುವುದು ಪಡನ್ನದ ಪಂಚಾಯತಿನ ಕೈಯಲ್ಲಿಲ್ಲ. ಲೋಕದ ಹೊಗೆಗೆ ಲೋಕವೇ ಹೊಣೆ. ಆ ಹೊಗೆಯಲ್ಲಿ ಈ ಹೆಂಗಸರ ಪಾಲು ಅತ್ಯಲ್ಪ. ಆದರೆ ಹಾರ್ಲಿಯವರ ಪ್ರಯೋಗ ಕಲಿಸಿದ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಕಡೆಯ ಒತ್ತಡದಲ್ಲಿ ಒಂದನ್ನು ತಡೆದರೂ ಜೀವಿ ಇನ್ನೊಂದನ್ನು ತಾಳಿಕೊಳ್ಳಬಹುದು. ಬಿಸಿಲನ್ನೂ ಮಳೆಯನ್ನೂ ತಡೆಯಲಾರೆವು, ಏಡಿ ಮೀನುಗಳನ್ನು ತಡೆಯಬಹುದು. ಹಗ್ಗ ಕಟ್ಟಿದ ಮೊದಲ ವಾರಗಳಲ್ಲಿ ಚಪ್ಪರದ ಸುತ್ತ ಬಲೆ ಕಟ್ಟುವುದಕ್ಕೆ ಸಹಾಯಧನ ಕೊಡುವುದು ದೊಡ್ಡ ವೆಚ್ಚವೇನೂ ಅಲ್ಲ. ಬಂಡೆಯಿಂದ ಕೀಳುವ ಮರಿಗಳನ್ನೇ ನಂಬಿದ ಈ ಕೃಷಿಗೆ ಮರಿಕೇಂದ್ರದಿಂದ ಹೊತ್ತಿಗೆ ಸರಿಯಾಗಿ ಮರಿ ಒದಗಿದರೆ ಕಳೆದುಹೋದ ವಾರಗಳನ್ನು ಉಳಿಸಿಕೊಳ್ಳಬಹುದು. ಬಂಡೆಯಲ್ಲಿ ಕಿತ್ತು ಜೀವಿಸುವ ಬಡ ಮೀನುಗಾರನೊಂದಿಗಿನ ಜಗಳವೂ ಕಡಿಮೆಯಾದೀತು. ಅಡಿಕೆಗೆ, ಭತ್ತಕ್ಕೆ ವಿಮೆಯ ಮಾತು ಆಡುವ ಸರಕಾರ ನೀರಿನ ಬೆಳೆಗೂ ಅದನ್ನು ಆಡಲಿ.

ಹಿನ್ನೀರಿನ ನಾಲ್ಕಾರು ಕಡವುಗಳಲ್ಲಿ ಪ್ರತಿದಿನ ಬೆಳಗ್ಗೆ ನೀರಿನ ಉಪ್ಪನ್ನೂ ಬಿಸಿಯನ್ನೂ ಅಳೆದು ಹಲಗೆಯ ಮೇಲೆ ಬರೆಯುವ ಏರ್ಪಾಡು ಇವೆಲ್ಲಕ್ಕಿಂತ ಅಗ್ಗದ್ದು. ಏಪ್ರಿಲ್ ಕೊನೆಯಿಂದ ಈ ಅಂಕಿಗಳು ಕೈಗೆ ಸಿಕ್ಕಿದರೆ ಹಗ್ಗ ಎಳೆಯಬೇಕೋ ಕಾಯಬೇಕೋ ಎಂದು ತೀರ್ಮಾನಿಸಲು ದರದ ಆಸೆಯೊಂದೇ ಆಧಾರವಾಗಿ ಉಳಿಯುವುದಿಲ್ಲ. ಹಾಗೆಯೇ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಅಳಿವೆಗಳಿಗೂ ಈ ಕೃಷಿಯನ್ನು ವಿಸ್ತರಿಸುವ ಯೋಚನೆ ಯಾರಿಗಾದರೂ ಇದ್ದರೆ, ತರಬೇತಿಯೂ ಕರಪತ್ರವೂ ಅರ್ಜಿಯೂ ಎಚ್ಚರಿಕೆಯೂ ಮಲಯಾಳದಲ್ಲಿ ಬಂದಂತೆ ಕನ್ನಡದಲ್ಲೂ ಬರಬೇಕೆಂದು ಸಂಬಂಧಪಟ್ಟವರ ಗಮನಕ್ಕೆ ತರುತ್ತೇವೆ. ಈ ತಾಲೂಕುಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬುದು ಸರಕಾರದ್ದೇ ಆದೇಶ. ಮಳೆಯ ಮುನ್ಸೂಚನೆ ಅರ್ಥವಾಗದೆ ಬೆಳೆ ಹೋಯಿತೆಂದು ಆಮೇಲೆ ಅರ್ಜಿ ಬರೆಯುವ ಗತಿ ಯಾರಿಗೂ ಬೇಡ.

ಕೊನೆಯದಾಗಿ ನಮ್ಮ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಶಾಂತಸಾಗರದ ಬಂಡೆಗಳ ಮೇಲೆ 52 ವರ್ಷಗಳ ವ್ಯತ್ಯಾಸವನ್ನು ಹೇಳಲು ಸಾಧ್ಯವಾದುದು 1950ರ ದಶಕದಲ್ಲಿ ಯಾರೋ ಅಳತೆ ಹಿಡಿದು ಹೋಗಿ ಪಚ್ಚಿಲೆಯ ಪಟ್ಟಿ ಎಲ್ಲಿಂದ ಎಲ್ಲಿಯ ತನಕ ಇದೆಯೆಂದು ಬರೆದಿಟ್ಟುದರಿಂದ. ನಮ್ಮ ಕರಾವಳಿಯ ಶಾಲೆಗಳ ವಿಜ್ಞಾನ ಸಂಘಗಳು ಪ್ರದರ್ಶನಕ್ಕೆ ಥರ್ಮೋಕೋಲಿನ ಜ್ವಾಲಾಮುಖಿ ಮಾಡುವ ಶ್ರಮದಲ್ಲಿ ಅರ್ಧವನ್ನು ಇದಕ್ಕೆ ಕೊಟ್ಟರೆ ಸಾಕು. ಹತ್ತಿರದ ಒಂದು ಬಂಡೆಯನ್ನು ಆರಿಸಿ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದ ಹೊತ್ತಿಗೆ ಹೋಗಿ, ಚಿಪ್ಪುಗಳ ಪಟ್ಟಿಯ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಬಣ್ಣದ ಗುರುತು ಹಾಕಿ, ನಡುವಿನ ಅಳತೆಯನ್ನು ತಾರೀಕು ಸಹಿತ ಶಾಲೆಯ ಪುಸ್ತಕದಲ್ಲಿ ಬರೆದಿಡಬೇಕು. ಏಡಿ, ಶಂಖದ ಹುಳು ಎಷ್ಟು ಕಂಡುವೆಂಬುದನ್ನೂ ಬರೆಯಬೇಕು. ಮುಂದಿನ ವರ್ಷ ಬೇರೆ ತರಗತಿಯ ಮಕ್ಕಳು ಅದೇ ಗುರುತಿನ ಬಳಿ ನಿಂತು ಅಳೆಯಲಿ. ಮಳೆಗಾಲದಲ್ಲಿ ಜಾರುವ ಬಂಡೆಗಳ ಮೇಲೆ ಮಕ್ಕಳನ್ನು ಕರೆದೊಯ್ಯಬಾರದು. ಅಕ್ಟೋಬರದಲ್ಲಿ ಕಡಲು ಶಾಂತವಾದ ಮೇಲೆ ತೊಡಗಿದರೆ ಸಾಕು. ಅಳತೆಗಳನ್ನು ಕಳುಹಿಸಿಕೊಟ್ಟ ಶಾಲೆಗಳ ಹೆಸರು ಸಹಿತ ಅವನ್ನು ಪ್ರಕಟಿಸಲು ನಮ್ಮ ಪತ್ರಿಕೆಯಲ್ಲಿ ಜಾಗ ಇದೆ.